ಚಿತ್ರವೂ ಒಂದು ಅಕ್ಷರವೇ: ವೆಬ್ ಪುಟದಲ್ಲಿ ಫೋಟೊ ಕೂರಿಸುವ ಕೆಲಸ

(ಜಾಲತಾಣಗಳಿಗೆ ಬರೆಯುವವರ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಸಣ್ಣ ಪ್ರಯೋಗ ಮಾಡಿಬಿಡೋಣ.

ಪರದೆಯ ಮೇಲೆ ಒಂದು ವಾಕ್ಯ ಇದೆ: "ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗವನ್ನು ಗುರುತು ಮಾಡಿ." ಸೈಕಲ್ಲಿಗೆ ಪಂಕ್ಚರ್ ಹಾಕುವುದು ಹೇಗೆ ಅಂತ ನಾನೇ ಬರೆದ ಹಳೆಯ ಲೇಖನದ್ದು. ಈಗ ಕರ್ಸರನ್ನು "ಗುಳ್ಳೆ", "ಏಳುವ" ಈ ಎರಡು ಪದಗಳ ನಡುವೆ ಇಟ್ಟು ಒಂದು ಫೋಟೊ ಸೇರಿಸುತ್ತೇನೆ. ನೋಡಿ, ವಾಕ್ಯ ಅಲ್ಲೇ ಸೀಳಿತು. "ಗುಳ್ಳೆ" ಫೋಟೊದ ಎಡಗಾಲ ಬಳಿ ನಿಂತಿದೆ, "ಏಳುವ" ಬಲಗಾಲ ಬಳಿ. ಮೇಲಿನ ಸಾಲು ಫೋಟೊದ ಎತ್ತರದಷ್ಟು ದೂರ ಹೋಗಿಬಿಟ್ಟಿದೆ.

ಬ್ರೌಸರ್ ಏನೂ ತಪ್ಪು ಮಾಡಿಲ್ಲ. ಅದರ ಲೆಕ್ಕದಲ್ಲಿ ಚಿತ್ರವೂ ಒಂದು ಅಕ್ಷರ. ಮಿಕ್ಕ ಅಕ್ಷರಗಳಿಗಿಂತ ಎತ್ತರ, ಅಗಲ ಜಾಸ್ತಿ, ಅಷ್ಟೆ. ಸಾಲಿನಲ್ಲಿ "ಕ" ಎಲ್ಲಿ ಕೂರುತ್ತದೋ ಫೋಟೊ ಕೂಡ ಅಲ್ಲೇ ಕೂರುತ್ತದೆ, ಸಾಲು ಹರಿದಂತೆ ಹರಿಯುತ್ತದೆ. "ನಾನು ಒಂದು ಕಡೆ ಹಾಕಿದರೆ ಅದು ಇನ್ನೊಂದು ಕಡೆ ಹೋಗಿ ಕೂತಿದೆ" ಅಂತ ನಾವು ಸಿಡುಕುವ ಬಹುಪಾಲು ಸಂದರ್ಭಗಳಲ್ಲಿ ಆಗಿರುವುದು ಇದೇ. ನಾವು ಗೋಡೆಗೆ ಪಟ ತೂಗುಹಾಕುತ್ತಿದ್ದೇವೆ ಅಂದುಕೊಂಡಿರುತ್ತೇವೆ. ಬ್ರೌಸರ್ ಅಕ್ಷರ ಜೋಡಿಸುತ್ತಿರುತ್ತದೆ.

ಇದು ಹೀಗೆಯೇ ಇರಬೇಕೆಂದು ಎಲ್ಲರೂ ಕೂತು ಒಪ್ಪಿದ್ದೇನೂ ಅಲ್ಲ. 1993ರ ಫೆಬ್ರವರಿ 25ರಂದು ಮಾರ್ಕ್ ಆಂಡ್ರೀಸನ್, ಆಗ ವೆಬ್ ಕಟ್ಟುತ್ತಿದ್ದವರ ಮುಂದೆ ಐಎಂಜಿ ಎಂಬ ಹೊಸ ಟ್ಯಾಗಿನ, ಅಂದರೆ ಪುಟದಲ್ಲಿ ಏನನ್ನು ಎಲ್ಲಿ ತೋರಿಸಬೇಕೆಂದು ಬ್ರೌಸರಿಗೆ ಹೇಳುವ ಗುರುತಿನ, ಪ್ರಸ್ತಾಪ ಇಟ್ಟರು. ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಎಂಬ ಕಂಪ್ಯೂಟರ್ ಕೇಂದ್ರದಲ್ಲಿ ಅವರು ಮೊಸಾಯಿಕ್ ಬ್ರೌಸರ್ ತಯಾರಿಸುತ್ತಿದ್ದ ಕಾಲ ಅದು. ಚಿತ್ರಕ್ಕೆ ಮಾತ್ರ ಯಾಕೆ, ಯಾವ ಬಗೆಯ ಕಡತವನ್ನಾದರೂ ಒಳಗೆ ತರುವಂಥ ಟ್ಯಾಗ್ ಇರಲಿ ಅಂದವರಿದ್ದರು. ಕೊಂಡಿಯನ್ನೇ ಸ್ವಲ್ಪ ಹಿಗ್ಗಿಸಿ ಅದರಿಂದಲೇ ಚಿತ್ರ ತೋರಿಸಬಹುದಲ್ಲ ಎಂಬುದು ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ ಅವರ ಯೋಚನೆಯಾಗಿತ್ತು. ಮಾತುಕತೆ ಒಂದು ದಡ ಸೇರುವ ಮೊದಲೇ ಮೊಸಾಯಿಕ್ ಹೊರಬಿತ್ತು, ಐಎಂಜಿ ಉಳಿದುಕೊಂಡಿತು. ಒಂಟಿ ಟ್ಯಾಗ್ ಅದು. ತೆರೆಯುವುದಿದೆ, ಮುಚ್ಚುವುದಿಲ್ಲ, ಒಳಗೆ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಅಡಿಬರಹವನ್ನು ಚಿತ್ರಕ್ಕೆ ಕಟ್ಟಿಹಾಕುವ ಫಿಗರ್ ಎಂಬ ಟ್ಯಾಗ್, ಪುಟ ಬರೆಯುವ ಭಾಷೆಯ ಹೊಸ ಆವೃತ್ತಿಯಾದ ಎಚ್‌ಟಿಎಂಎಲ್5ರ ಜೊತೆ ಬರುವವರೆಗೂ ಅಡಿಬರಹ ಅನ್ನುವುದು ಚಿತ್ರದ ಕೆಳಗೆ ಆಕಸ್ಮಿಕವಾಗಿ ಬಿದ್ದಿರುವ ಇನ್ನೊಂದು ಪ್ಯಾರಾ ಆಗಿತ್ತು.

ಚಿತ್ರ ಅಕ್ಷರ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ತೋರಿಸುತ್ತೇನೆ. ಫೋಟೊದ ಸುತ್ತ ಒಂದು ಚೌಕಟ್ಟು ಹಾಕಿದ್ದೇನೆ. ಮೇಲೆ, ಎಡಕ್ಕೆ, ಬಲಕ್ಕೆ ಚೌಕಟ್ಟು ಫೋಟೊಗೆ ತಾಗಿದೆ. ಕೆಳಗೆ ಮಾತ್ರ ತೆಳ್ಳನೆಯ ಬಿಳಿ ಸಂದು. ಹೊರಗೆ ಬಿಡುವ ಜಾಗ ಮಾರ್ಜಿನ್ ಸೊನ್ನೆ, ಒಳಗೆ ಬಿಡುವ ಜಾಗ ಪ್ಯಾಡಿಂಗ್ ಸೊನ್ನೆ, ಆದರೂ ಸಂದು ಹೋಗುತ್ತಿಲ್ಲ. ಹೊಸದಾಗಿ ಕಲಿಯುವಾಗ ನಾನು ಇದರ ಹಿಂದೆ ಒಂದು ಇಡೀ ಸಂಜೆ ಕಳೆದಿದ್ದೇನೆ. ಆ ಸಂದು ಯಾರಿಗಾಗಿ ಗೊತ್ತೇ? ಒತ್ತಕ್ಷರಕ್ಕಾಗಿ. ಅಕ್ಷರಗಳು ಕೂರುವ ಒಂದು ಗೆರೆ ಇದೆಯಲ್ಲ, ಫೋಟೊದ ಬುಡ ಆ ಗೆರೆಯ ಮೇಲೆ ಕೂರುತ್ತದೆ. ಗೆರೆಯ ಕೆಳಗೆ ಇಳಿಯುವ ಅಕ್ಷರಭಾಗಗಳಿಗಾಗಿ ಬ್ರೌಸರ್ ಜಾಗ ಕಾಯ್ದಿರಿಸುತ್ತದೆ. "ರಾಷ್ಟ್ರ" ಅಂತ ಬರೆದು ನೋಡಿ, ಷಕಾರದ ಕೆಳಗೆ ಎರಡೆರಡು ಒತ್ತು ತೂಗುತ್ತವೆ. ಅವಕ್ಕೆ ಉಸಿರಾಡಲು ಜಾಗ ಬೇಕೆಂದು ಕನ್ನಡ ಪುಟಗಳಲ್ಲಿ ಸಾಲುಗಳ ಅಂತರವನ್ನು ಸ್ವಲ್ಪ ಧಾರಾಳವಾಗಿಯೇ ಇಡುತ್ತೇವೆ, ಇಡಬೇಕು ಕೂಡ. ಅಂತರ ಹೆಚ್ಚಿದಷ್ಟೂ ಫೋಟೊ ಕೆಳಗಿನ ಸಂದೂ ಅಗಲವಾಗುತ್ತದೆ. ಚಿತ್ರಕ್ಕೆ ಡಿಸ್ಪ್ಲೇ ಬ್ಲಾಕ್ ಅಂತ ಹೇಳಿಬಿಟ್ಟರೆ, ಅಂದರೆ "ನೀನು ಅಕ್ಷರ ಅಲ್ಲ, ನಿನ್ನದೇ ಒಂದು ಪ್ಯಾರಾ" ಅಂದುಬಿಟ್ಟರೆ, ಸಂದು ಮಾಯ. ಈಗಿನ ಎಡಿಟರುಗಳಲ್ಲಿ ಚಿತ್ರ ತಾನಾಗಿಯೇ ಬೇರೆ ಬ್ಲಾಕ್ ಆಗಿ ಬರುವುದಕ್ಕೆ ಇದೂ ಒಂದು ಕಾರಣ. ಜಾಲತಾಣ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ 2018ರ ಡಿಸೆಂಬರಿನಲ್ಲಿ ಬ್ಲಾಕ್ ಪದ್ಧತಿಗೆ ಹೊರಳಿದಾಗ ಎಷ್ಟೋ ಜನ ಗೊಣಗಿದರು. ನಾನೂ ಗೊಣಗಿದೆ. ಚಿತ್ರದ ವಿಷಯದಲ್ಲಿ ಮಾತ್ರ ಅವರು ಮಾಡಿದ್ದು ಸರಿ ಅಂತ ಈಗ ಅನ್ನಿಸುತ್ತದೆ.

ಇನ್ನು ನಿಮಗೆಲ್ಲ ಇಷ್ಟವಾದ ಎಡ, ಬಲದ ವಿಷಯ.

ಪತ್ರಿಕೆಗಳಲ್ಲಿ ಫೋಟೊದ ಪಕ್ಕದಲ್ಲಿ ಅಕ್ಷರ ಹರಿಯುವುದನ್ನು ನೋಡಿ ಬೆಳೆದವರು ನಾವು. ವೆಬ್ಬಿನಲ್ಲೂ ಅದು ಬೇಕು ಅಂತ ತೊಂಬತ್ತರ ದಶಕದ ನಡುವೆ ನೆಟ್‌ಸ್ಕೇಪ್ ಎಂಬ ಬ್ರೌಸರ್ ಚಿತ್ರವನ್ನು ಎಡಕ್ಕೋ ಬಲಕ್ಕೋ ಸರಿಸುವ ಸೌಲಭ್ಯ ಕೊಟ್ಟಿತು. 1996ರ ಡಿಸೆಂಬರಿನಲ್ಲಿ ಬಂದ ಮೊದಲ ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ರೂಪ ಹೇಗಿರಬೇಕೆಂದು ಬರೆಯುವ ಭಾಷೆಯಲ್ಲಿ, ಅದಕ್ಕೆ ಫ್ಲೋಟ್ ಎಂಬ ಹೆಸರು ಸಿಕ್ಕಿತು. ಚಿತ್ರಕ್ಕೆಂದು ಬಂದ ಈ ಬಡಪಾಯಿ ಫ್ಲೋಟಿನ ಹೆಗಲ ಮೇಲೆ ಆಮೇಲೆ ಎಷ್ಟೋ ವರ್ಷ ಇಡೀ ಪುಟಗಳ ವಿನ್ಯಾಸವನ್ನೇ ಹೊರಿಸಿದರು. 2017ರಲ್ಲಿ ಪುಟ ವಿನ್ಯಾಸಕ್ಕೆಂದೇ ಮಾಡಿದ ಸಿಎಸ್‌ಎಸ್ ಗ್ರಿಡ್ ಎಲ್ಲ ಮುಖ್ಯ ಬ್ರೌಸರುಗಳಿಗೆ ಬಂದ ಮೇಲೆ ಅದು ತನ್ನ ಸ್ವಂತ ಕೆಲಸಕ್ಕೆ ಮರಳಿದೆ.

ಫ್ಲೋಟ್ ಮಾಡಿದ ಚಿತ್ರ ಅಕ್ಷರವೂ ಅಲ್ಲ, ಪೂರ್ತಿ ಪ್ಯಾರಾವೂ ಅಲ್ಲ. ಅಂಚಿಗೆ ಸರಿದು ನಿಲ್ಲುತ್ತದೆ, ಸಾಲುಗಳು ಅದನ್ನು ಬಳಸಿಕೊಂಡು ಹೋಗುತ್ತವೆ. ದೊಡ್ಡ ಪರದೆಯಲ್ಲಿ ಚೆಂದ. 700 ಪಿಕ್ಸೆಲ್ ಅಗಲದ ಕಾಲಮ್ಮಿನಲ್ಲಿ 300ರ ಚಿತ್ರ ಇಟ್ಟರೆ ಪಕ್ಕದ ಅಕ್ಷರಗಳಿಗೆ 380ರ ಆಸುಪಾಸು ಉಳಿಯುತ್ತದೆ. ಅದೇ ಪುಟವನ್ನು ಫೋನಿನಲ್ಲಿ ತೆರೆಯೋಣ. ಲೆಕ್ಕ ನನ್ನ ಜೊತೆಗೇ ಹಾಕಿ. ಪರದೆಯ ಅಗಲ 360. ಎರಡೂ ಅಂಚಿಗೆ ಹದಿನಾರು ಹದಿನಾರು ಬಿಟ್ಟರೆ 328. ಚಿತ್ರವನ್ನು ಚಿಕ್ಕದಾಗಿಸಿ 200 ಮಾಡಿದಿರಿ, ಅದರ ಪಕ್ಕ ಹದಿನಾರರ ಅಂತರ. ಅಕ್ಷರಗಳಿಗೆ ಉಳಿದದ್ದು 112. ಹದಿನೆಂಟರ ಅಳತೆಯ ಕನ್ನಡ ಅಕ್ಷರ ಅಲ್ಲಿ ಏಳೆಂಟು ಹಿಡಿದರೆ ಹೆಚ್ಚು. ನಮ್ಮ ಪದಗಳೋ, "ಮಾಡಿಕೊಳ್ಳಬೇಕಾಗುತ್ತದೆ" ಅನ್ನುವಂಥವು. ಒಂಬತ್ತು ಅಕ್ಷರ, ಎರಡು ಒತ್ತು. ಒಡೆಯುವ ಹಾಗಿಲ್ಲ, ನಡುವೆ ಸಂದಿಲ್ಲ. ಆಗ ಬ್ರೌಸರ್ ಏನು ಮಾಡಬೇಕು? ಚಿತ್ರದ ಪಕ್ಕದಲ್ಲಿ ಆ ಪದ ಹಿಡಿಸುವುದಿಲ್ಲ ಅಂತ ಗೊತ್ತಾದರೆ ಅದನ್ನು ಚಿತ್ರದ ಕೆಳಗೆ ಇಳಿಸುತ್ತದೆ. ಚಿತ್ರದ ಪಕ್ಕ "ಇದನ್ನು" ಅಂತ ಒಂದೇ ಪದ, ಅದರ ಕೆಳಗೆ ಬಯಲು. ಅದರ ಮೇಲೆ ಎರಡೂ ಅಂಚು ಸಮ ಮಾಡುವ ಹುಚ್ಚು ಸೇರಿದರೆ, ಸಾಲಿಗೆ ಎರಡೇ ಪದ, ಅವುಗಳ ನಡುವೆ ಒಬ್ಬರು ನಡೆದುಹೋಗುವಷ್ಟು ಜಾಗ.

ಇಂಗ್ಲಿಷಿನಲ್ಲಿ ಬರೆದ ಸಲಹೆಗಳನ್ನು ಓದಿ ಹಾಗೇ ಪಾಲಿಸಿದರೆ ಎಡವುವುದು ಇಲ್ಲೇ. ಅವರ ಪದಗಳು ಗಿಡ್ಡ, ಸಣ್ಣ ಜಾಗದಲ್ಲೂ ಹೇಗೋ ತೂರಿಕೊಳ್ಳುತ್ತವೆ. ನಮ್ಮ ಕ್ರಿಯಾಪದ ಬಾಲ ಬೆಳೆಸಿಕೊಳ್ಳುತ್ತಲೇ ಹೋಗುತ್ತದೆ. ಹಾಗಾಗಿ ನಾನು ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. 600 ಪಿಕ್ಸೆಲಿಗಿಂತ ಕಿರಿದಾದ ಪರದೆಯಲ್ಲಿ ಎಡವೂ ಇಲ್ಲ, ಬಲವೂ ಇಲ್ಲ, ಚಿತ್ರ ಪೂರ್ತಿ ಅಗಲಕ್ಕೆ ನಿಲ್ಲಬೇಕು. ದೊಡ್ಡ ಪರದೆಯಲ್ಲೂ ಬಲಕ್ಕೇ ನನ್ನ ಒಲವು. ಎಡಕ್ಕೆ ಸರಿಸಿದರೆ ಸಾಲುಗಳು ಶುರುವಾಗುವ ಜಾಗವೇ ಬದಲಾಗಿ, ಓದುವ ಕಣ್ಣು ಪ್ರತಿ ಸಲ ಹಿಂತಿರುಗಿ ಸಾಲಿನ ತಲೆ ಹುಡುಕಬೇಕಾಗುತ್ತದೆ. ಎಡಕ್ಕೆ ಫ್ಲೋಟ್ ಮಾಡಿದ ಚಿತ್ರದ ಪಕ್ಕ ಪಟ್ಟಿ ಬಂದರಂತೂ ಅದರ ಚುಕ್ಕಿಗಳು ಚಿತ್ರದ ಮೇಲೇ ಹತ್ತಿ ಕೂರುತ್ತವೆ. ಬೇಕಾದರೆ ಮನೆಗೆ ಹೋಗಿ ಪರೀಕ್ಷಿಸಿ.

ಒಬ್ಬರು ಕೇಳಿದರು: "ಚಿತ್ರ ಉದ್ದ ಇದೆ, ಪಕ್ಕದ ಪ್ಯಾರಾ ಚಿಕ್ಕದು. ಮುಂದಿನ ಉಪಶೀರ್ಷಿಕೆ ಮೇಲೆ ಹತ್ತಿ ಚಿತ್ರದ ಪಕ್ಕಕ್ಕೆ ಬಂದುಬಿಡುತ್ತದೆ. ಎಂಟರ್ ಒತ್ತಿ ಒತ್ತಿ ಕೆಳಗೆ ತಳ್ಳುತ್ತೇನೆ. ಸರಿಯೇ?" ನಿಮ್ಮ ಪರದೆಯಲ್ಲಿ ಸರಿ, ಬೇರೆಯವರ ಪರದೆಯಲ್ಲಿ ಅದು ಖಾಲಿ ಹೊಲ. ಉಪಶೀರ್ಷಿಕೆಗೆ ಕ್ಲಿಯರ್ ಎಂಬ ಸೂಚನೆ ಕೊಟ್ಟರೆ ಅದು ಚಿತ್ರ ಮುಗಿದ ಮೇಲೇ ಶುರುವಾಗುತ್ತದೆ. ಎಂಟರ್, ಸ್ಪೇಸ್ ಒತ್ತಿ ಚಿತ್ರ ಸರಿಸುವ ಅಭ್ಯಾಸ ಇರುವವರು ಬೇಜಾರು ಮಾಡಿಕೊಳ್ಳಬೇಡಿ, ಒಂದು ಕಾಲದಲ್ಲಿ ವೃತ್ತಿಪರರೇ ಒಂದು ಪಿಕ್ಸೆಲಿನ ಪಾರದರ್ಶಕ ಜಿಐಎಫ್ ಚಿತ್ರಗಳನ್ನು ಬೆಣೆ ಬಡಿದ ಹಾಗೆ ತುಂಬಿ ಪುಟ ಕಟ್ಟುತ್ತಿದ್ದರು.

ಈಗ ನನ್ನದೇ ಒಂದು ಪಡಿಪಾಟಲು ಹೇಳುತ್ತೇನೆ. ವರ್ಷಗಟ್ಟಲೆ ನಾನು ಪ್ರತಿ ಚಿತ್ರಕ್ಕೂ ಅಗಲ 640, ಎತ್ತರ 480 ಅಂತ ಕೈಯಾರೆ ಬರೆಯುತ್ತಿದ್ದೆ. ಹಾಗೆ ಬರೆಯಿರಿ ಅಂತಲೇ ಆಗ ಹೇಳಿಕೊಡುತ್ತಿದ್ದರು. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ರೆಸ್ಪಾನ್ಸಿವ್ ವೆಬ್ ಡಿಸೈನ್ ಎಂಬ ಮಾತು ಹುಟ್ಟುಹಾಕಿದರು. ಪರದೆ ಎಷ್ಟಿದೆಯೋ ಪುಟ ಅಷ್ಟಕ್ಕೆ ಹೊಂದಿಕೊಳ್ಳಬೇಕು, ಚಿತ್ರ ತನ್ನ ಕಾಲಮ್ಮಿನ ಆಚೆ ಚಾಚಬಾರದು, ಅದಕ್ಕೆ ಮ್ಯಾಕ್ಸ್-ವಿಡ್ತ್ 100% ಅನ್ನುವ ಒಂದು ಸಾಲು ಸಾಕು. ನಾನೂ ಹೊಸ ಥೀಮ್, ಅಂದರೆ ತಾಣದ ಸಿದ್ಧ ವಿನ್ಯಾಸ, ಹಾಕಿದೆ. ಫೋನಿನಲ್ಲಿ ತೆರೆದರೆ ಲೇಖನದ ಸೈಕಲ್ ಚಕ್ರಗಳೆಲ್ಲ ಮೊಟ್ಟೆ! ಅಗಲವನ್ನು ಥೀಮ್ 328ಕ್ಕೆ ಇಳಿಸಿತ್ತು, ನಾನು ಬರೆದಿಟ್ಟ ಎತ್ತರ 480 ಮಾತ್ರ ಜಪ್ಪಯ್ಯ ಅಂದರೂ ಅಲುಗಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನೆಟ್ಟಗೆ ಹೈಟ್ ಆಟೊ ಅಂತ ಇನ್ನೊಂದು ಸಾಲು ಸೇರಿಸಿದ್ದರೆ ಮುಗಿಯುತ್ತಿತ್ತು. ಅದು ಗೊತ್ತಿಲ್ಲದೆ ಎರಡು ರಾತ್ರಿ ಕೂತು ಅಗಲ, ಎತ್ತರ ಎರಡನ್ನೂ ಎಲ್ಲ ಲೇಖನಗಳಿಂದ ಕಿತ್ತು ಹಾಕಿದೆ. ಚಕ್ರ ದುಂಡಗಾಯಿತು.

ಆದರೆ ಪುಟ ಜಿಗಿಯತೊಡಗಿತು. ಓದುಗರು ಮೂರನೆಯ ಸಾಲಿನಲ್ಲಿರುತ್ತಾರೆ, ಅಷ್ಟರಲ್ಲಿ ಮೇಲಿನ ಚಿತ್ರ ಬಂದಿಳಿಯುತ್ತದೆ, ಓದುತ್ತಿದ್ದ ಸಾಲು ಕಣ್ಣೆದುರೇ ಕೆಳಗೆ ಜಾರುತ್ತದೆ. ಒಂದು ಕೊಂಡಿ ಒತ್ತಲು ಬೆರಳು ಇಳಿಸುವಷ್ಟರಲ್ಲಿ ಬೆರಳ ಕೆಳಗೆ ಇನ್ನೇನೋ ಬಂದಿರುತ್ತದೆ. ಕಾರಣ ಸರಳ. ಪಠ್ಯ ಮೊದಲು ಬರುತ್ತದೆ, ಚಿತ್ರ ಆಮೇಲೆ. ಚಿತ್ರದ ಅಳತೆ ನಾವು ಹೇಳಿಲ್ಲವಾದರೆ ಬ್ರೌಸರ್ ಅದಕ್ಕೆ ಸೊನ್ನೆ ಎತ್ತರ ಕೊಟ್ಟು ಮುಂದೆ ಹೋಗಿರುತ್ತದೆ. ಕಡತ ಬಂದ ಮೇಲೆ ಜಾಗ ಬಿಡಿ ಅಂತ ಎಲ್ಲರನ್ನೂ ತಳ್ಳುತ್ತದೆ. ನೆಂಟರು ಬಂದ ಮೇಲೆ ಗೋಡೆ ಒಡೆದು ಕೋಣೆ ಕಟ್ಟಿದ ಹಾಗೆ.

2019–20ರ ಹೊತ್ತಿಗೆ ಬ್ರೌಸರುಗಳು ಜಾಣವಾದವು. ಟ್ಯಾಗಿನಲ್ಲಿ ಅಗಲ 1400, ಎತ್ತರ 1050 ಅಂತ ಬರೆದಿದ್ದರೆ ಅದನ್ನು ಅಪ್ಪಣೆ ಅಂತ ತೆಗೆದುಕೊಳ್ಳದೆ, ನಾಲ್ಕಕ್ಕೆ ಮೂರರ ಪ್ರಮಾಣ ಅಂತ ಓದಿಕೊಂಡು, ಪರದೆ ಎಷ್ಟೇ ಕಿರಿದಿರಲಿ ಆ ಪ್ರಮಾಣದ ಜಾಗವನ್ನು ಚಿತ್ರ ಬರುವ ಮೊದಲೇ ಕಾಯ್ದಿಡುತ್ತವೆ. ಗೂಗಲ್ 2020ರಲ್ಲಿ ಈ ಜಿಗಿತಕ್ಕೊಂದು ಅಳತೆಯನ್ನೂ ಮುಂದಿಟ್ಟಿತು, ಕ್ಯುಮುಲೇಟಿವ್ ಲೇಔಟ್ ಶಿಫ್ಟ್ ಅಂತ. ಅದು 0.1 ಮೀರದಿದ್ದರೆ ಪುಟ ಚೆನ್ನಾಗಿದೆ ಎಂದು ಲೆಕ್ಕ. ಹಾಗಾಗಿ ಅಗಲ, ಎತ್ತರ ಎರಡನ್ನೂ ನಾನು ಮತ್ತೆ ಒಂದೊಂದಾಗಿ ಹಾಕಿದೆ, ಈ ಸಲ ಹೈಟ್ ಆಟೊ ಜೊತೆಗೆ. ಒಂದು ಕಾಲದಲ್ಲಿ ಹಾಕಿ ಅಂದರು, ಆಮೇಲೆ ತೆಗೆಯಿರಿ ಅಂದರು, ಈಗ ಹಾಕಿ ಅನ್ನುತ್ತಿದ್ದಾರೆ. ಮೂರೂ ಸಲ ಆಗಿನ ಕಾಲಕ್ಕೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಅದು ನನಗೆ ಇನ್ನೂ ಸಿಟ್ಟು. ಎಡಿಟರಿನಲ್ಲಿ ಅಪ್‌ಲೋಡ್ ಮಾಡುವವರಿಗೆ ಸಾಮಾನ್ಯವಾಗಿ ಇದೆಲ್ಲ ತಾನಾಗಿ ಆಗುತ್ತದೆ. ಕೈಯಾರೆ ಟ್ಯಾಗ್ ಬರೆಯುವವರು, ಹೊರಗಿನ ಕೊಂಡಿ ಅಂಟಿಸುವವರು ನೋಡಿಕೊಳ್ಳಬೇಕು. ಹೊರಗಿನ ಕೊಂಡಿ ಅಂದೆನಲ್ಲ, ಇನ್ನೊಬ್ಬರ ತಾಣದಲ್ಲಿರುವ ಚಿತ್ರವನ್ನು ಅಲ್ಲಿಂದಲೇ ಎಳೆದು ತೋರಿಸಬೇಡಿ. ಖರ್ಚು ಅವರದು, ಅವರು ಕಡತ ಬದಲಿಸಿದ ದಿನ ನಿಮ್ಮ ಲೇಖನದಲ್ಲಿ ಏನು ಕಾಣುತ್ತದೋ ದೇವರೇ ಬಲ್ಲ.

ಕಡತದ ತೂಕದ ಬಗ್ಗೆ ಎರಡೇ ಮಾತು. ಫೋನಿನ ಕ್ಯಾಮೆರಾದಿಂದ ಬಂದ 4000 ಅಗಲ, 3000 ಎತ್ತರದ ಫೋಟೊ ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ನಮ್ಮ ಕಾಲಮ್ 700. ಪಿಕ್ಸೆಲ್ಲುಗಳು ಒತ್ತೊತ್ತಾಗಿರುವ ಪರದೆಗಳಿಗೆಂದು ಎರಡು ಪಟ್ಟು ಕೊಟ್ಟರೂ 1400 ಅಗಲ, 1050 ಎತ್ತರ, ಅಂದರೆ ಹದಿನೈದು ಲಕ್ಷ ಪಿಕ್ಸೆಲಿಗೂ ಕಡಿಮೆ. ಎಂಟನೇ ಒಂದು ಭಾಗ ಸಾಕಿತ್ತು. ಕಡತವನ್ನು ಎಷ್ಟೇ ಹಿಂಡಿದ್ದರೂ ಫೋನು ಅದನ್ನು ಬಿಡಿಸಿ ಪರದೆಗೆ ತರುವಾಗ ಪಿಕ್ಸೆಲಿಗೆ 4 ಬೈಟಿನಂತೆ 48 ಎಂಬಿ ಮೆಮೊರಿ ಬೇಡುತ್ತದೆ. ಮೂಲೆ ಹಿಡಿದು ಎಳೆದು ಚಿಕ್ಕದು ಮಾಡಿದೆ ಅನ್ನುತ್ತೀರಲ್ಲ, ಅದು ಕಾಣಲು ಚಿಕ್ಕದು, ಹೊರಲು ಮೊದಲಿನಷ್ಟೇ ಭಾರ. ವರ್ಡ್‌ಪ್ರೆಸ್ 2015ರ ಕೊನೆಯ 4.4 ಆವೃತ್ತಿಯಿಂದ ಒಂದೇ ಚಿತ್ರದ ಹಲವು ಅಳತೆಗಳನ್ನು ಪುಟದಲ್ಲಿ ಪಟ್ಟಿ ಮಾಡಿ, ಪರದೆಗೆ ತಕ್ಕದ್ದನ್ನು ಬ್ರೌಸರೇ ಆರಿಸಿಕೊಳ್ಳಲು ಬಿಡುತ್ತದೆ. 2019ರ 5.3ರಿಂದ 2560 ಪಿಕ್ಸೆಲ್ ಮೀರಿದ ಚಿತ್ರವನ್ನು ತಾನೇ ಕುಗ್ಗಿಸುತ್ತದೆ. ಉಳಿದವರು ಅಪ್‌ಲೋಡಿಗೆ ಮೊದಲೇ ಕುಗ್ಗಿಸಿ. ಫೋಟೊ ಆದರೆ ಜೆಪೆಗ್ ಅಥವಾ ವೆಬ್‌ಪಿ; ರೇಖಾಚಿತ್ರ, ಸ್ಕ್ರೀನ್‌ಶಾಟ್ ಆದರೆ ಪಿಎನ್‌ಜಿ. ಫೋಟೊ ತೆಗೆದ ಸ್ಥಳದ ಅಕ್ಷಾಂಶ, ರೇಖಾಂಶ ಕಡತದೊಳಗೇ ಕೂತಿರಬಹುದು, ಮನೆಯಲ್ಲಿ ತೆಗೆದ ಚಿತ್ರವಾದರೆ ಅದನ್ನು ಅಳಿಸಿಯೇ ಹಾಕಿ. ಕಡತಕ್ಕೆ ಕನ್ನಡ ಹೆಸರು ಇಡಬಹುದೇ ಅಂತ ಕೇಳಿದ್ದಿರಿ. ಇಡಬಹುದು, ನಡೆಯುತ್ತದೆ. ಆದರೆ ವಿಳಾಸದಲ್ಲಿ ಅದು ಪರ್ಸೆಂಟ್ ಚಿಹ್ನೆಗಳ ಸರಪಳಿಯಾಗುತ್ತದೆ. ಯೂನಿಕೋಡಿನಲ್ಲಿ "ಗುಳ್ಳೆ" ಅಂದರೆ ಆರು ಸಂಕೇತ. ಒಂದೊಂದಕ್ಕೆ ಮೂರು ಬೈಟ್, ಬೈಟಿಗೆ ಮೂರು ಚಿಹ್ನೆ, ಒಟ್ಟು ಐವತ್ತನಾಲ್ಕು. ನಾನು ಇಂಗ್ಲಿಷ್ ಅಕ್ಷರದಲ್ಲೇ ಹೆಸರಿಡುತ್ತೇನೆ, ಬರೀ ಸೋಮಾರಿತನ.

ಪುಟ ಕೆಳಗೆ ಸರಿಸಿದಾಗ ಮಾತ್ರ ಚಿತ್ರ ತರುವ ಲೇಜಿ ಲೋಡಿಂಗ್ ಒಳ್ಳೆಯದೇ. ಲೇಖನದ ನೆತ್ತಿಯ ಮೇಲಿರುವ ಮೊದಲ ಚಿತ್ರಕ್ಕೆ ಮಾತ್ರ ಅದನ್ನು ಹಾಕಬೇಡಿ. ತಕ್ಷಣ ಕಾಣಬೇಕಾದ್ದನ್ನೇ ತಡ ಮಾಡಿದ ಹಾಗಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಎಡ ಬಲ ಮೇಲೆ ಕೆಳಗೆ. ನನಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸುವುದು, ಚಿತ್ರ ಯಾವ ವಾಕ್ಯ ಆದ ಮೇಲೆ ಬರಬೇಕು ಅನ್ನುವುದು. ಪಂಕ್ಚರ್ ಲೇಖನದಲ್ಲಿ ಗುಳ್ಳೆಯ ಫೋಟೊವನ್ನು ನಾನು ಮೊದಲು ಆ ಹಂತದ ತಲೆಯ ಮೇಲೆ ಇಟ್ಟಿದ್ದೆ. ನೋಡಿದವರಿಗೆ ಕಂಡದ್ದು ಒಂದು ಬಕೆಟ್, ಒಂದು ಕೈ, ಕಪ್ಪು ಟ್ಯೂಬು. ಏನು ನೋಡಬೇಕೆಂದು ಇನ್ನೂ ಯಾರೂ ಹೇಳಿರಲಿಲ್ಲವಲ್ಲ. "ಗುಳ್ಳೆ ಏಳುವ ಜಾಗವನ್ನು ಗುರುತು ಮಾಡಿ" ಅನ್ನುವ ವಾಕ್ಯದ ಬೆನ್ನಿಗೇ ಇಟ್ಟ ಮೇಲೆ ಕಣ್ಣು ನೇರ ಗುಳ್ಳೆಗೆ ಹೋಯಿತು. ಚಿತ್ರ ಅದೇ. ಹೇಗೆ ಮಾಡುವುದೆಂದು ತಿಳಿಸುವ ಬರಹಗಳಲ್ಲಿ ಚಿತ್ರ ವಾಕ್ಯದ ಹಿಂದೆ ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಪ್ರವಾಸದ ಬರಹ, ವ್ಯಕ್ತಿಚಿತ್ರ ಬರೆಯುವವರು ಇದನ್ನು ಒಪ್ಪಲಿಕ್ಕಿಲ್ಲ. ಅವರಿಗೆ ಚಿತ್ರ ಮುಂದೆ ಬಂದು ಕುತೂಹಲ ಹುಟ್ಟಿಸುವುದೇ ಬೇಕಿರಬಹುದು.

ಆಮೇಲೆ ಫೋಟೊ ಕತ್ತರಿಸಿದೆ. ಬಕೆಟ್ ಹೋಯಿತು, ಮೊಣಕೈ ಹೋಯಿತು, ಟ್ಯೂಬು ಮತ್ತು ಗುಳ್ಳೆ ಉಳಿದವು. ಫೋನಿನಲ್ಲಿ 328 ಪಿಕ್ಸೆಲಿಗೆ ಕುಗ್ಗಿದಾಗ ಗುಳ್ಳೆ ಕಾಣಬೇಕಾದರೆ ಬೇರೆ ದಾರಿ ಇಲ್ಲ. ನೀವು ಕತ್ತರಿಸದಿದ್ದರೆ ಥೀಮ್ ಕತ್ತರಿಸುತ್ತದೆ, ನೆನಪಿರಲಿ. ಮುಖಪುಟದ ಚೌಕಗಳಿಗೆ ಅದು ಸುಮ್ಮನೆ ಚಿತ್ರದ ನಡುಭಾಗ ತೆಗೆದುಕೊಳ್ಳುತ್ತದೆ, ನಿಂತವರ ತಲೆ ಹಾರಿಹೋಗಿ ಅಂಗಿಯ ಗುಂಡಿ ಉಳಿಯುತ್ತದೆ. ಆಬ್ಜೆಕ್ಟ್-ಪೊಸಿಷನ್ ಅಂತ ಒಂದು ಸೂಚನೆ ಇದೆ, ಮೇಲುಭಾಗ ಉಳಿಸಿಕೋ ಅಂತ ಅದರಿಂದ ಹೇಳಬಹುದು. ಕೆಲವು ಎಡಿಟರುಗಳಲ್ಲಿ ಚಿತ್ರದ ಮೇಲೆ ಚುಕ್ಕಿ ಎಳೆದು ಇಡುವ ಸೌಕರ್ಯವಿದೆ, ಕೆಲಸ ಅದೇ.

ಕೊನೆಗೆ ಆಲ್ಟ್, ಅಂದರೆ ಪರ್ಯಾಯ ಪಠ್ಯ. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಇದನ್ನೇ. ಚಿತ್ರದ ಕಡತ ಬಾರದೆ ಹೋದರೆ ಆ ಜಾಗದಲ್ಲಿ ಕಾಣುವುದೂ ಇದೇ. "ಬಕೆಟ್ಟಿನಲ್ಲಿ ಟ್ಯೂಬ್" ಅಂತ ಬರೆದಿದ್ದೆ. ತಪ್ಪೇನಿಲ್ಲ, ಉಪಯೋಗವೂ ಇಲ್ಲ. ಈಗ ಹೀಗಿದೆ: "ನೀರಿನಲ್ಲಿ ಅದ್ದಿದ ಟ್ಯೂಬಿನಲ್ಲಿ, ವಾಲ್ವಿನಿಂದ ನಾಲ್ಕು ಬೆರಳು ಆಚೆ, ಸಾಲಾಗಿ ಸಣ್ಣ ಗುಳ್ಳೆಗಳು ಏಳುತ್ತಿವೆ." ಅಲಂಕಾರಕ್ಕೆಂದೇ ಇಟ್ಟ ಗೆರೆ, ಹೂಬಳ್ಳಿಗಳಾದರೆ ಆಲ್ಟ್ ಅನ್ನು ಖಾಲಿ ಬಿಡಬೇಕು. ಅದನ್ನು ಬರೆಯದೇ ಇರುವುದು ಬೇರೆ, ಖಾಲಿ ಅಂತ ಬರೆಯುವುದು ಬೇರೆ. ಬರೆಯದಿದ್ದರೆ ಕೆಲವು ರೀಡರುಗಳು ಕಡತದ ಹೆಸರನ್ನೇ, ಅಂಕಿ ಅಡಿಗೆರೆ ಸಮೇತ, ಓದಲು ಕೂರುತ್ತವೆ.

ಇಷ್ಟು ಹೇಳಿ ಮುಗಿಸಿದ್ದೆ. ಹಿಂದಿನ ಸಾಲಿನಿಂದ, ಫೋನನ್ನು ಕಿವಿಗೆ ಹಿಡಿದಿದ್ದ ಒಬ್ಬರು ಕೈ ಎತ್ತಿದರು. ನಾನು ಮಾತಾಡುತ್ತಿರುವಾಗಲೇ ಆ ಪಂಕ್ಚರ್ ಲೇಖನವನ್ನು ಸ್ಕ್ರೀನ್ ರೀಡರಿನಲ್ಲಿ ಕೇಳಿ ಮುಗಿಸಿದ್ದರಂತೆ.

"ಸರ್, ಗುಳ್ಳೆಯದು ಚೆನ್ನಾಗಿ ಅರ್ಥವಾಯಿತು. ನಾಲ್ಕನೆಯ ಚಿತ್ರಕ್ಕೆ ಬರೀ 'ಚಿತ್ರ ನಾಲ್ಕು' ಅಂತಿದೆಯಲ್ಲ, ಅದೇನು?"

ಪರದೆಯ ಮೇಲೆಯೇ ತೆರೆದು ನೋಡಿದೆ. ಗೋಡೆಗೆ ಒರಗಿಸಿಟ್ಟ ಪಂಪು. ಹಾಗೆಂದು ಹೇಳಿದೆ.

"ಅದರಿಂದ ಗಾಳಿ ಹೊಡೆಯುವುದು ಆಮೇಲೆ ಏಳನೆಯದರಲ್ಲಿ ಬರುತ್ತದಲ್ಲವೇ ಸರ್? ಇಲ್ಲಿ ಯಾಕಿದೆ?"

ಸಭೆ ನಕ್ಕಿತು. ನಾನೂ ನಕ್ಕೆ, ಉತ್ತರ ಇರಲಿಲ್ಲ. ಲೇಖನದಲ್ಲಿ ಈಗ ಆರು ಚಿತ್ರಗಳಿವೆ.